ಶ್ರೀಮಾನ್ ಕಲಂ ಎಂಟು ಅವರ ಸನ್ನಿಧಾನಕ್ಕೆ

ಮಾನ್ಯರೇ,

1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ತಾವು 8ನೇ ಕಲಮಿನ ಪೀಠ ಅಲಂಕರಿಸಿದ್ದೀರಿ. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವನಿಗೂ ಏಳು ವರ್ಷದವರೆಗೆ ಜೈಲು; ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ ಪಾರು. ತಮ್ಮ ಔದಾರ್ಯಕ್ಕೆ ಜಮೀನು ವ್ಯಾಜ್ಯದ ಕಕ್ಷಿದಾರನೊಬ್ಬನ ಸಾಷ್ಟಾಂಗ.

ಆದರೆ ನಮ್ಮ ಕೋರ್ಟಿನಲ್ಲಿ ಯಾರೂ ಯಾರ ಕೊರಳಪಟ್ಟಿಯನ್ನೂ ಹಿಡಿಯುವುದಿಲ್ಲ ಸ್ವಾಮಿ. ನಕಲು ವಿಭಾಗದ ಗುಮಾಸ್ತರು ಕೈ ಚಾಚುವವರೇ ಅಲ್ಲ. "ಝೆರಾಕ್ಸ್ ಮಷೀನ್ ಕೆಟ್ಟಿದೆ, ಮುಂದಿನ ವಾರ ಬನ್ನಿ" ಅನ್ನುತ್ತಾರೆ, ಅಷ್ಟೇ. ಅರ್ಜಿಯ ಮಡಿಕೆಯಲ್ಲಿ ಇನ್ನೂರರ ನೋಟು ಕಂಡರೆ ಮಷೀನ್ ತಾನಾಗಿಯೇ ರಿಪೇರಿ. ಅಮೀನರಂತೂ ಇನ್ನೂ ಸಾಧು. ಅವರ ಬೈಕಿಗೆ ಪೆಟ್ರೋಲ್ ಬೀಳದಿದ್ದರೆ, ಜಗುಲಿ ಮೇಲೆ ಕೂತು ಎಲೆಅಡಿಕೆ ಮೆಲ್ಲುತ್ತಿರುವ ಪ್ರತಿವಾದಿಯ ಸಮನ್ಸಿನ ಮೇಲೂ 'ಮನೆಗೆ ಬೀಗ, ಸದರಿ ವ್ಯಕ್ತಿ ಊರಲ್ಲಿಲ್ಲ' ಎಂಬ ಷರಾ ಬೀಳುತ್ತದೆ. ಏಳು ದಿನದೊಳಗೆ ದೂರು ಕೊಟ್ಟೆವೆನ್ನಿ, ಎಂಟನೆಯ ದಿನ ನಮ್ಮ ಕಡತ ಯಾವ ಬೀರುವಿನ ಹಿಂದೆ ಬಿದ್ದಿರುತ್ತದೆ, ತಾವೇ ಹೇಳಿ.

2022ರಲ್ಲಿ ಅಲಹಾಬಾದ್ ಹೈಕೋರ್ಟಿನ ಜಮಾದಾರರೊಬ್ಬರು ಸಮವಸ್ತ್ರದ ಮೇಲೆ ಪೇಟಿಎಂ ಕ್ಯೂಆರ್ ಕೋಡ್ ತೂಗಿಸಿಕೊಂಡು ವಕೀಲರಿಂದ ಭಕ್ಷೀಸು ಪಡೆಯುತ್ತಿದ್ದರೆಂದು ಅಮಾನತಾದರು. ಅನ್ಯಾಯ! ದಿನಾಂಕ, ಮೊತ್ತ, ಕೊಟ್ಟವರ ಹೆಸರು ಎಲ್ಲಕ್ಕೂ ದಾಖಲೆ ಇಟ್ಟ ಪುಣ್ಯಾತ್ಮ. ಅವರ ಮಾದರಿ ಜಾರಿಯಾಗಿದ್ದರೆ ನಮ್ಮ ಲೋಕಾಯುಕ್ತ ಪೊಲೀಸರಿಗೆ ನೋಟಿಗೆ ಫಿನಾಫ್ತಲೀನ್ ಪುಡಿ ಬಳಿದು, ಕೈ ತೊಳೆಸಿ, ನೀರು ಗುಲಾಬಿಯಾದದ್ದನ್ನು ಪಂಚರಿಗೆ ತೋರಿಸುವ ಕಷ್ಟವಾದರೂ ತಪ್ಪುತ್ತಿತ್ತು.

ಮೇಲಿನವರ ಮಾತು ಬೇರೆ. ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳೂ ತಮ್ಮ ಕಾಯ್ದೆಗೆ ಒಳಪಡುತ್ತಾರೆ ಎಂದು 1991ರ ವೀರಸ್ವಾಮಿ ತೀರ್ಪು ಹೇಳಿತು. ಭಾರತದ ಮುಖ್ಯ ನ್ಯಾಯಮೂರ್ತಿಗಳನ್ನು ಕೇಳದೆ ಅವರ ಮೇಲೆ ಎಫ್‌ಐಆರ್ ಹಾಕಕೂಡದು ಎಂದೂ ಹೇಳಿತು. 2025ರ ಜನವರಿಯಲ್ಲಿ ಲೋಕಪಾಲರು ಹೈಕೋರ್ಟ್ ನ್ಯಾಯಮೂರ್ತಿಗಳ ಮೇಲಿನ ದೂರನ್ನು ತಾವೂ ವಿಚಾರಿಸಬಹುದು ಎಂದರು. ಫೆಬ್ರುವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. (ತಡೆಯಾಜ್ಞೆ ಇಷ್ಟು ಬೇಗ ಸಿಗುವುದುಂಟೆ! ನನ್ನ ಅರ್ಜಿ ಇನ್ನೂ ಎದುರುದಾರರ ತಕರಾರಿಗೆ ಕಾಯುತ್ತಿದೆ.)

ಆದಕಾರಣ ಸಣ್ಣದೊಂದು ಬಿನ್ನಹ. ಆ ಏಳು ದಿನದ ಲೆಕ್ಕ ಮೂಲ ದಾವೆ ಇತ್ಯರ್ಥವಾದ ದಿನದಿಂದ ಶುರುವಾಗಲಿ. ಆ ಹೊತ್ತಿಗೆ ನಾನಿಲ್ಲದಿದ್ದರೆ ದೂರನ್ನು ನನ್ನ ವಾರಸುದಾರರು ಸಲ್ಲಿಸುತ್ತಾರೆ.

ಇಂತಿ ತಮ್ಮ ವಿಧೇಯ,
ವಾಯಿದೆ ಮೇಲಿರುವ ಕಕ್ಷಿದಾರ