ಅಡುಗೆಮನೆ ಆಗ್ನೇಯಕ್ಕೆ, ತೇವ ಎಲ್ಲ ದಿಕ್ಕಿಗೂ

ನಮ್ಮಲ್ಲಿ ಬಸುರಿಗೆ ಭಾರೀ ಮರ್ಯಾದೆ. ಹಸಿರು ಬಳೆ ತೊಡಿಸುತ್ತಾರೆ. ಮಡಿಲು ತುಂಬುತ್ತಾರೆ. ಬಯಕೆ ಏನಮ್ಮಾ ಎಂದು ಬಾಯಿತುಂಬ ಕೇಳುತ್ತಾರೆ. ಬಯಕೆ ಎಂದರೆ ಮಾವಿನಕಾಯಿ, ಚಿರೋಟಿ, ಹೆಚ್ಚೆಂದರೆ ಒಂದು ರೇಷ್ಮೆ ಸೀರೆ. ಸೋರದ ಸೂರು, ಜಾರದ ಬಚ್ಚಲು ಬೇಕು ಎಂದು ನೋಡಿ. ಅದು ಬಯಕೆಯಲ್ಲ, ಕೊಬ್ಬು.

ಬಸುರಿ ಇರುವಾಗ ಮನೆ ಬದಲಿಸಬಾರದಂತೆ. ಹೇಳದವರಿಲ್ಲ. ಅತ್ತೆ ಹೇಳಿದರು. ಅತ್ತೆಯ ಅಕ್ಕ ಶಿವಮೊಗ್ಗದಿಂದ ಫೋನ್ ಮಾಡಿ ಹೇಳಿದರು. ಹಳೇ ಮನೆಯ ಓನರ್ ಕೂಡ ಹೇಳಿದರು, ಖಾಲಿ ಮಾಡಿ ಅಂದ ಬಾಯಲ್ಲೇ. ‘ಈ ಟೈಮಲ್ಲಿ ಬದಲಾಯಿಸಬಾರದು ನಿಜ, ಏನ್ ಮಾಡೋದಮ್ಮಾ, ಮಗ ಅಮೆರಿಕದಿಂದ ಬರ್ತಿದಾನೆ.’ ಮಗ ಇನ್ನೂ ಬರುತ್ತಲೇ ಇದ್ದಾನೆ. ಬಂದಿರುವುದು ನಮಗಿಂತ ಐದು ಸಾವಿರ ಹೆಚ್ಚು ಕೊಡುವ ಸಾಫ್ಟ್‌ವೇರ್ ದಂಪತಿ.

ಅದೂ ಆಷಾಢ ಹುಟ್ಟುವುದರೊಳಗೆ ಹೊರಡಬೇಕಿತ್ತು. ಆಷಾಢದಲ್ಲಿ ಹೊಸಬರು ಹಾಲು ಉಕ್ಕಿಸುವುದಿಲ್ಲವಲ್ಲ, ಒಂದು ತಿಂಗಳ ಬಾಡಿಗೆ ಖೋತಾ. ಶಾಸ್ತ್ರದಲ್ಲಿ ಅವರಿಗೆ ಬೇಕಾದ ಪುಟ ಇತ್ತು. ನಮ್ಮದು ಹರಿದುಹೋಗಿತ್ತು.

ಬೆಂಗಳೂರಿನ ಟು-ಲೆಟ್ ಬೋರ್ಡು ನೋಡಿದ್ದೀರಿ. ‘ಫ್ಯಾಮಿಲಿಗೆ ಮಾತ್ರ.’ ಬ್ಯಾಚುಲರ್‌ಗಳು ಬೇಡ, ಅವರಿಗೆ ಸಂಸಾರವಿಲ್ಲ. ನಾವೂ ಬೇಡ, ನಮ್ಮ ಸಂಸಾರ ಬೆಳೆಯುತ್ತಿದೆ. ಗೇಟಿನಲ್ಲಿ ನಗುವ ಮುಖ ನನ್ನ ಹೊಟ್ಟೆ ಕಂಡೊಡನೆ ಲೆಕ್ಕಕ್ಕೆ ಇಳಿಯುತ್ತದೆ. ಮಗು ಅಂದ್ರೆ ನೀರು ಜಾಸ್ತಿ ಬೇಕಲ್ಲ? ಬಾಣಂತನಕ್ಕೆ ಎಷ್ಟು ಜನ ಬರ್ತಾರೆ? ರಾತ್ರಿ ಅಳುತ್ತಾ? (ಇನ್ನೂ ಹುಟ್ಟದ ಕೂಸಿನ ನಡತೆಯ ಬಗ್ಗೆ ಮುಚ್ಚಳಿಕೆ ಬರೆದುಕೊಡಲು ನನ್ನ ಗಂಡ ತಯಾರಾಗಿದ್ದ.) ಡಾಕ್ಟರು ದಿನಾ ಮೊಟ್ಟೆ ತಿನ್ನಿ ಎಂದಿದ್ದರು. ಓನರುಗಳು ಮೊಟ್ಟೆಯೂ ನಾನ್‌ವೆಜ್ಜೇ ಎಂದರು. ಬಾಡಿಗೆ ಮನೆಯಲ್ಲಿ ಹೊಟ್ಟೆಯೊಳಗಿನ ಮಗುವಿನ ಪ್ರೋಟೀನೂ ಓನರ್ ಸುಪರ್ದಿಗೆ ಸೇರಿದ್ದು.

ಕೊನೆಗೆ ಸಿಕ್ಕಿತು. ಶೇಕಡಾ ನೂರು ವಾಸ್ತು ಪ್ರಕಾರ ಕಟ್ಟಿದ ಮನೆ. ಅಡುಗೆಮನೆ ಆಗ್ನೇಯಕ್ಕೆ, ದೇವರ ಕೋಣೆ ಈಶಾನ್ಯಕ್ಕೆ, ಮಲಗುವ ಕೋಣೆ ನೈಋತ್ಯಕ್ಕೆ. ಬಚ್ಚಲಿನ ಇಳಿಜಾರು ಮಾತ್ರ ಬಾಗಿಲಿಗೆ. ಅಷ್ಟದಿಕ್ಪಾಲಕರಿಗೆಲ್ಲ ಜಾಗ ಹುಡುಕಿದವರಿಗೆ, ಸ್ನಾನದ ನೀರು ಯಾವ ದಿಕ್ಕಿಗೆ ಹೋಗಬೇಕೆಂದು ಗೊತ್ತಾಗಲಿಲ್ಲ. ನೀರು ಹಾಲಿಗೆ ಬರುತ್ತದೆ. ನಾನು ಗೋಡೆ ಹಿಡಿದು ನಡೆಯುತ್ತೇನೆ. ಆ ಗೋಡೆಯೂ ಒದ್ದೆ.

ಮೂರನೇ ಮಹಡಿ. ಲಿಫ್ಟ್ ಇಲ್ಲ. ಮೆಟ್ಟಿಲು ಒಂದೊಂದು ಒಂದೊಂದು ಎತ್ತರ. ‘ಹತ್ತಿ ಇಳೀತಾ ಇದ್ರೆ ನಾರ್ಮಲ್ ಡೆಲಿವರಿ ಆಗುತ್ತಮ್ಮಾ’ ಎಂದರು ಓನರ್ ಆಂಟಿ. ಅವರು ಇರುವುದು ನೆಲಮಹಡಿಯಲ್ಲಿ. ಮಂಡಿನೋವು.

ಈಗ ಆ ಒದ್ದೆ ಗೋಡೆಯ ವಿಷಯ. ಮನೆ ನೋಡಲು ಹೋದಾಗ ಹೊಸ ಬಣ್ಣ ಫಳಫಳ ಹೊಳೆಯುತ್ತಿತ್ತು. ಮೊದಲ ಮಳೆಗೆ ಗೋಡೆ ಗುಳ್ಳೆ ಎದ್ದಿತು. ಎರಡನೆಯದಕ್ಕೆ ಗುಳ್ಳೆ ಒಡೆಯಿತು. ಮಂಚದ ಹಿಂದೆ ಕಪ್ಪು ಬೂಷ್ಟು ಹಬ್ಬಿತು. ಓನರನ್ನು ಕರೆದು ತೋರಿಸಿದೆವು. ಒಂಚೂರೂ ಅಚ್ಚರಿಪಡದೆ, ‘ಹೌದೌದು, ಹಿಂದಿದ್ದವರೂ ಇದೇ ಹೇಳ್ತಿದ್ರು’ ಎಂದರು.

ಗೊತ್ತಿದ್ದ ದೋಷವನ್ನು, ಅದೂ ಬಾಡಿಗೆದಾರನ ಕಣ್ಣಿಗೆ ಸುಲಭಕ್ಕೆ ಬೀಳದ ದೋಷವನ್ನು, ಮಾಲೀಕ ಮುಂಚೆಯೇ ತಿಳಿಸಬೇಕು. ಇದು ನನ್ನ ಗೊಣಗಾಟವಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಬ್ರಿಟಿಷರು ಬರೆದಿಟ್ಟು ಹೋದರು. ನಾವು ಅದರ ಮೇಲೆ ಎರಡು ಕೋಟ್ ಡಿಸ್ಟೆಂಪರ್ ಹೊಡೆದೆವು.

ಓನರ್ ಹೇಳಿದ ಪರಿಹಾರ ಕೇಳಿ. ಹಳೇ ಬಣ್ಣ ಕೆರೆದು ಹೊಸದು ಹೊಡೆಸುತ್ತಾರಂತೆ. ತಾರಸಿಯ ಬಿರುಕು ಮುಚ್ಚುವುದಿಲ್ಲ, ಅದಕ್ಕೆ ಖರ್ಚು ಜಾಸ್ತಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರಗಳು ಈ ಗೋಡೆಯ ಮೇಲೆ ಎಷ್ಟಿವೆಯೋ. ಕೆರೆದರೆ ಧೂಳಾಗಿ ಮೂಗಿಗೆ ಬರುತ್ತದೆ. ತಾಯಿಯ ರಕ್ತ ಸೇರಿದ ಸೀಸ ಮಗುವಿಗೂ ದಾಟುತ್ತದೆ. ಇಷ್ಟು ಹೇಳಿದ್ದಕ್ಕೆ ಅವರು, ‘ಗ್ರಹಣದ ದಿನ ಹೊರಗೆ ಬರಬೇಡಿ, ಸಾಕು’ ಎಂದರು. ಚಂದ್ರನಿಂದ ಅಪಾಯ. ಗೋಡೆಯಿಂದ ಇಲ್ಲ.

ಸಂಪಿನ ಮುಚ್ಚಳ ಮುರಿದಿದೆ. ಒಳಗೆ ಸೊಳ್ಳೆಮರಿಗಳು ಕುಣಿಯುತ್ತಿವೆ. ಗರ್ಭಿಣಿಗೆ ಡೆಂಗಿ ಬಂದರೆ ಎರಡು ಜೀವಕ್ಕೂ ಕುತ್ತು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಸಾಕುವ ನಗರದ ಮನೆಗಳಿಗೆ 400 ರೂಪಾಯಿ ದಂಡ ಇಟ್ಟಿತು. ಓನರ್ ಲೆಕ್ಕದಲ್ಲಿ ಪಕ್ಕಾ. ಮುಚ್ಚಳದ ಬೆಲೆ ಅದಕ್ಕಿಂತ ಜಾಸ್ತಿ.

ಸೀಮಂತಕ್ಕೆ ಓನರ್ ಆಂಟಿ ಬಂದರು. ‘ಮಹಾಲಕ್ಷ್ಮಿ ಥರ ಕಾಣ್ತೀಯ’ ಎಂದು ದೃಷ್ಟಿ ತೆಗೆದರು. ಹೋಳಿಗೆ ತಿಂದರು, ಕಟ್ಟಿಸಿಕೊಂಡೂ ಹೋದರು. ಮರುದಿನ ಬೆಳಿಗ್ಗೆ ಟ್ಯಾಂಕರ್ ನೀರಿನ ಬಿಲ್ ಬಂತು, ಬಂದ ನೆಂಟರ ತಲೆ ಎಣಿಸಿ. ಮಹಾಲಕ್ಷ್ಮಿಯಿಂದಲೂ ವಸೂಲಿ.

ಅಂಕಲ್ ನಿವೃತ್ತ ಅಧಿಕಾರಿ. ಪಾರ್ಕಿನ ಬೆಂಚಿನಲ್ಲಿ ದಿನಾ ಭ್ರಷ್ಟಾಚಾರದ ವಿರುದ್ಧ ಗುಡುಗುತ್ತಾರೆ. ಬಾಡಿಗೆ ಮಾತ್ರ ಕ್ಯಾಷ್. ವರ್ಷದ ಬಾಡಿಗೆ ಲಕ್ಷ ದಾಟಿದರೆ ಎಚ್‌ಆರ್‌ಎ ವಿನಾಯಿತಿಗೆ ಮಾಲೀಕರ ಪ್ಯಾನ್ ನಂಬರು ಬೇಕು. ಕೇಳಿದಾಗ ಅಂಕಲ್ ಮುಖ ಕಪ್ಪಿಟ್ಟಿತು. ನಮ್ಮ ಆಧಾರ್ ಅವರ ಬಳಿ ಇದೆ. ಆಫೀಸಿನ ಐಡಿ, ಸಂಬಳದ ಚೀಟಿ, ಹೆರಿಗೆಯ ತಾರೀಖು ಎಲ್ಲ ಇದೆ. ‘ನಿಮ್ಮಲ್ಲಿ ಯಾವ ಪೈಕಿ?’ ಎಂದು ಜಾತಿಯನ್ನೂ ನಯವಾಗಿ ಇಸಿದುಕೊಂಡರು. ಅವರ ಹತ್ತಕ್ಷರದ ಪ್ಯಾನ್ ಮಾತ್ರ ದೇಶದ ರಹಸ್ಯ.

ಅಡ್ವಾನ್ಸ್ ಹತ್ತು ತಿಂಗಳದು ಕೇಳಿದ್ದರು. ‘ನಿಮ್ಮ ಪರಿಸ್ಥಿತಿ ನೋಡಿ’ ಆರಕ್ಕೆ ಇಳಿಸಿದರು. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಸಾಕು ಎನ್ನುತ್ತದೆ. ಸುಣ್ಣಬಣ್ಣ ಮಾಲೀಕನ ಖರ್ಚು ಎಂದೂ ಅದರ ಪಟ್ಟಿಯಲ್ಲಿದೆ. ನಮ್ಮ ಕರಾರಿನಲ್ಲಿ ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಮಾದರಿ ಕಾಯ್ದೆಯನ್ನು ರಾಜ್ಯಗಳು ಇಷ್ಟವಿದ್ದರೆ ಒಪ್ಪಬಹುದು. ಅಂಥ ಇಷ್ಟ ನಮ್ಮವರಿಗೆ ಯಾಕೆ ಬರಬೇಕು? ವಿಧಾನಸೌಧದಲ್ಲಿ ಬಾಡಿಗೆ ಮನೆಯವರು ಎಷ್ಟಿದ್ದಾರೆ, ಬಾಡಿಗೆಗೆ ಕೊಟ್ಟವರು ಎಷ್ಟಿದ್ದಾರೆ, ನೀವೇ ಊಹಿಸಿ.

ಕರಾರು ಹನ್ನೊಂದು ತಿಂಗಳಿಗೆ. ವರ್ಷ ಮೀರಿದರೆ 1908ರ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಬೇಕು, ಶುಲ್ಕ ಕಟ್ಟಬೇಕು. ಹನ್ನೊಂದು ಎಂದರೆ ಯಾರಿಗೂ ತಂಟೆಯಿಲ್ಲ. ಮಗು ಅಂಬೆಗಾಲಿಡುವ ಹೊತ್ತಿಗೆ ಮತ್ತೆ ಮಗ ಅಮೆರಿಕದಿಂದ ಬರುತ್ತಾನೆ.

ಕೇಸು ಹಾಕಿ ಎನ್ನುವ ಹಿತೈಷಿಗಳಿದ್ದಾರೆ. ಹಾಕೋಣ. ಕರ್ನಾಟಕಕ್ಕೆ 1999ರದೊಂದು ಬಾಡಿಗೆ ಕಾಯ್ದೆ ಇದೆ. ಬಾಡಿಗೆದಾರನ ರಕ್ಷಣೆಗೆಂದೇ ಬರೆದದ್ದು. ಒಂದೇ ಒಂದು ಸಣ್ಣ ಷರತ್ತು. ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ ಅದು ಅನ್ವಯಿಸುವುದಿಲ್ಲ. ಇವತ್ತು ಆ ದುಡ್ಡಿಗೆ ಪಿಜಿಯಲ್ಲಿ ಅರ್ಧ ಮಂಚವೂ ಸಿಗದು. ಬಾಡಿಗೆ ಕೊಡುವವರನ್ನೆಲ್ಲ ಹೊರಗಿಟ್ಟು ಬಾಡಿಗೆದಾರರ ರಕ್ಷಣೆ!

ಮಾನ್ಯ ಶಾಸಕರೇ, ಮುಂದಿನ ಅಧಿವೇಶನದಲ್ಲಿ ಬೈದಾಡಿ ಮುಗಿದು ಸಭಾತ್ಯಾಗಕ್ಕೆ ಮುಂಚೆ ಐದು ನಿಮಿಷ ಉಳಿದರೆ, ಆ 3,500 ಅನ್ನು ಹೊಡೆದುಹಾಕಿ. ಆಗದಿದ್ದರೆ 3,500 ರೂಪಾಯಿಗೆ ನಮಗೊಂದು ಮನೆ ಹುಡುಕಿಕೊಡಿ. ವಾಸ್ತು ಬೇಡ. ಗೋಡೆ ಒಣಗಿದ್ದರೆ ಸಾಕು.