ನೀಲಿ ಬಕೆಟ್ಟಿನ ಬಾಕಿ

ಬಾಡಿಗೆ ಬಾಕಿ ಉಳಿಸಿಕೊಂಡವನ ಪಾದಕ್ಕೆ ಕಿವಿ ಮೂಡುತ್ತವೆ. ಮರದ ಮೆಟ್ಟಿಲಿನ ಯಾವ ಹಲಗೆ ಕಿರ್ರೆನ್ನುತ್ತದೆ, ಯಾವುದು ಸುಮ್ಮನಿರುತ್ತದೆ, ಮಾಲಕರ ರೇಡಿಯೋ ಎಷ್ಟು ಹೊತ್ತಿಗೆ ಬಾಯಿ ಮುಚ್ಚುತ್ತದೆ, ಎಲ್ಲ ಅವನಿಗೆ ಬಾಯಿಪಾಠ. 1984ರಿಂದ ಮೂರು ವರ್ಷ ನಾನು ಪುಣೆಯ ಸ್ವಾರಗೇಟಿನ ಹತ್ತಿರ ಒಂದು ಹಳೆಯ ವಾಡೆಯಲ್ಲಿದ್ದೆ. ಅಲ್ಲಿನ ಮೆಟ್ಟಿಲುಗಳಲ್ಲಿ ಮೂರನೆಯದು ಮತ್ತು ಒಂಬತ್ತನೆಯದು ಮಾಲಕರ ಪಕ್ಷ, ಉಳಿದವು ನನ್ನ ಪಕ್ಷ. ಚಪ್ಪಲಿ ಕೈಯಲ್ಲಿ ಹಿಡಿದು, ಆ ಎರಡನ್ನು ದಾಟಿ, ಕತ್ತಲಲ್ಲಿ ಕೊಕ್ಕರೆಯಂತೆ ಹತ್ತುವುದನ್ನು ಇವತ್ತಿಗೂ ಮರೆತಿಲ್ಲ. ಮೊಣಕಾಲು ಒಪ್ಪುವುದಿಲ್ಲ, ಅಷ್ಟೇ.

ಬಿಜಾಪುರದಲ್ಲಿ ರಾತ್ರಿ ಬಸ್ಸು ಹತ್ತಿದರೆ ನಸುಕಿಗೆ ಸ್ವಾರಗೇಟ. ಹಿಂದೆ ಇಲ್ಲಿ ಊರ ಅಂಚಿಗೆ ಕುದುರೆ ಸವಾರರ ಕಾವಲಿತ್ತಂತೆ, ಸ್ವಾರರು ನಿಲ್ಲುವ ಗೇಟು ಸ್ವಾರಗೇಟ ಆಯಿತಂತೆ. ನಮ್ಮವ್ವ ಮಾತ್ರ ಕೊನೆತನಕ ಅದನ್ನು 'ಸ್ವರ್ಗದ ಗೇಟ' ಎಂದೇ ತಿಳಿದಿದ್ದಳು. 'ನನ್ನ ಮಗ ಸ್ವರ್ಗದ ಬಾಗಲಾಗ ಅದಾನವಾ. ಖರೆ ಬಾಡಗಿ ಭಾಳ ಅಂತ' ಎಂದು ಓಣಿಯವರಿಗೆಲ್ಲ ಹೇಳುತ್ತಿದ್ದಳು. ಸ್ವಾರಗೇಟಿನಿಂದ ಊರೊಳಗೆ ನಡೆದರೆ ಪೇಠೆಗಳು. ಸೋಮವಾರದಿಂದ ರವಿವಾರದವರೆಗೆ ಏಳೂ ವಾರಗಳ ಹೆಸರಿನಲ್ಲಿ ಒಂದೊಂದು ಪೇಠೆ. ಬಾಡಿಗೆ ಕೊಡದೆ ತಪ್ಪಿಸಿಕೊಳ್ಳಲು ವಾರದಲ್ಲಿ ಒಂದು ದಿನವನ್ನೂ ಈ ಊರು ಖಾಲಿ ಬಿಟ್ಟಿಲ್ಲ.

ನಾನು ಬಾಡಿಗೆದಾರ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ನಾನು 'ಪೋಟಭಾಡೇಕರೂ'. ಬಾಡಿಗೆದಾರನ ಕೈಕೆಳಗಿನ ಬಾಡಿಗೆದಾರನಿಗೆ ಮರಾಠಿಯಲ್ಲಿ ಇರುವ ಶಬ್ದ ಅದು. ಪೋಟ ಎಂದರೆ ಹೊಟ್ಟೆ. ಒಬ್ಬರ ಹೊಟ್ಟೆಯೊಳಗೆ ಇನ್ನೊಬ್ಬನ ಸಂಸಾರ. ಮೂಲ ಬಾಡಿಗೆದಾರರಾದ ಕಾಕಾ ಮತ್ತು ಕಾಕು ವಾಡೆಯ ಧನಿಗೆ ಮೂರು ಖೋಲಿಗಳಿಗೆ ಸೇರಿ ತಿಂಗಳಿಗೆ 11 ರೂಪಾಯಿ ಕೊಡುತ್ತಿದ್ದರು. ಅದರಲ್ಲಿ ಒಂದು ಖೋಲಿಗೆ ನನ್ನಿಂದ 150 ತೆಗೆದುಕೊಳ್ಳುತ್ತಿದ್ದರು. ಹೀಗೆ ಒಳಬಾಡಿಗೆ ಕೊಡಲು ಕಾಯಿದೆಯ ಒಪ್ಪಿಗೆ ಇರಲಿಲ್ಲವಾದ್ದರಿಂದ, ಧನಿ ಬಂದಾಗ ನಾನು ಕಾಕುವಿನ ಚಿಕ್ಕಮ್ಮನ ಮಗ ಆಗುತ್ತಿದ್ದೆ. ಕಾಕು ಕೋಕಣಸ್ಥರು, ಹಾಲಿನ ಬಣ್ಣ. ನಾನು ಬಿಜಾಪುರದ ಎರೆಮಣ್ಣು. ಧನಿ ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿ, ನಿಟ್ಟುಸಿರು ಬಿಟ್ಟು, ಪಾವತಿ ಪುಸ್ತಕ ತೆರೆಯುತ್ತಿದ್ದರು.

ಆ ಧನಿಯಷ್ಟು ಬಡವರನ್ನು ಆ ವಾಡೆಯಲ್ಲಿ ನಾನು ಕಂಡಿಲ್ಲ. ಹದಿನಾಲ್ಕು ಬಿಡಾರ, ಎಲ್ಲ ಸೇರಿ ತಿಂಗಳಿಗೆ ನೂರೈವತ್ತು ರೂಪಾಯಿಯ ಆಸುಪಾಸು, ನಾನೊಬ್ಬನೇ ಕೊಡುವಷ್ಟು. 1947ರ ಮುಂಬಯಿ ಬಾಡಿಗೆ ಕಾಯಿದೆ ಬಾಡಿಗೆಗಳನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತ್ತು. ಯುದ್ಧದ ಕಾಲದ ಆ ಬೆಲೆ ಯುದ್ಧ ಮುಗಿದು ನಲವತ್ತು ವರ್ಷವಾದರೂ ಶರಣಾಗಿರಲಿಲ್ಲ. ಇಷ್ಟಾದರೂ ಜನ ಆ 11 ರೂಪಾಯಿಯನ್ನೂ ಬಾಕಿ ಇಡುತ್ತಿದ್ದರು. ಇಲ್ಲದ್ದಕ್ಕಲ್ಲ, ರೂಢಿಗೆ. ಧನಿ ಬಂದರೆ ಮನೆಮನೆಯಲ್ಲೂ ಚಹಾ ಆಗುತ್ತಿತ್ತು, ಬಾಡಿಗೆ ಆಗುತ್ತಿರಲಿಲ್ಲ. ಕಡೆಗೆ ಅವರು ಪುಣೆಯ ಸಂಪ್ರದಾಯದಂತೆ ಮೆಟ್ಟಿಲ ಬಳಿ ಒಂದು ಪಾಟಿ ತೂಗುಹಾಕಿಸಿದರು: 'ಭಾಡೇ ವೇಳೇವರ ದ್ಯಾವೇ. ಚಹಾ ದೇಊ ನಯೇ.' ಬಾಡಿಗೆ ಹೊತ್ತಿಗೆ ಸರಿಯಾಗಿ ಕೊಡಬೇಕು, ಚಹಾ ಕೊಡಕೂಡದು. ಅಂದಿನಿಂದ ಚಹಾವೂ ನಿಂತಿತು.

ಮುಂದಿನ ವರ್ಷ ಯಾವನೋ ವಕೀಲ ಅವರ ಕಿವಿ ಊದಿದ. ಧನಿ ಬಾಡಿಗೆ ತೆಗೆದುಕೊಳ್ಳುವುದನ್ನೇ ಬಿಟ್ಟರು. ತೆಗೆದುಕೊಳ್ಳದಿದ್ದರೆ ಬಾಕಿ ಬೆಳೆಯುತ್ತದೆ, ಬೆಳೆದರೆ ಖಾಲಿ ಮಾಡಿಸಬಹುದು ಎಂಬ ಲೆಕ್ಕ. ಕಾಕಾ ಇನ್ನೂ ಮೇಲಿನವರು. ತಿಂಗಳು ತಿಂಗಳು 11 ರೂಪಾಯಿ ಮನಿಆರ್ಡರ್ ಮಾಡಿದರು. ವಾಡೆಯ ಕೆಳಗಿನ ಮನೆಯಲ್ಲಿದ್ದ ಧನಿಗೆ, ವಾಡೆಯ ಮೇಲಿನ ಮನೆಯಿಂದ, ಸರಕಾರದ ಅಂಚೆಯ ಮೂಲಕ! 'ಘೇಣ್ಯಾಸ ನಕಾರ', ತೆಗೆದುಕೊಳ್ಳಲು ಒಲ್ಲೆ, ಎಂಬ ಷರಾ ಹೊತ್ತು ಅದು ವಾಪಸು ಬರುತ್ತಿತ್ತು. ಆ ಚೀಟಿಗಳನ್ನು ಕಾಕಾ ಮಗಳ ಜಾತಕದ ಜೊತೆ ಟ್ರಂಕಿನಲ್ಲಿಟ್ಟಿದ್ದರು. ಕೊಡದೆ ಇದ್ದವನು ಕೊಡುತ್ತೇನೆ ಎನ್ನುವುದು, ಬೇಕಾದವನು ಒಲ್ಲೆ ಎನ್ನುವುದು, ನಡುವೆ ಪೋಸ್ಟಮನ್ ಮೆಟ್ಟಿಲು ಹತ್ತಿಳಿಯುವುದು. ಅತ್ತ ಕೌಲು ಸೋರುತ್ತಿತ್ತು. ಹನ್ನೊಂದು ರೂಪಾಯಿಯಲ್ಲಿ ಕೌಲು ಯಾರು ಹೊದಿಸುತ್ತಾರೆ? ಬಾಡಿಗೆದಾರರನ್ನು ಎಬ್ಬಿಸುವ ಕೆಲಸವನ್ನು ಧನಿ ಮಳೆಗೆ ವಹಿಸಿ ಕೂತಿದ್ದರು.

ಕಡೆಗೆ ಈ ಕಟ್ಟಿಹಾಕಿದ ಬಾಡಿಗೆಯ ವಿಷಯವನ್ನು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನಕ್ಕೆ ತಂದ ಪ್ರಕರಣದ ಹೆಸರು ನೋಡಿ ನನಗೆ ನಗು ಬಂದಿತ್ತು: ಮಲ್ಪೆ ವಿಶ್ವನಾಥ ಆಚಾರ್ಯ. ಮರಾಠಿ ನೆಲದ ಬಾಡಿಗೆಯ ಗಂಟು ಬಿಚ್ಚಲು ಹೆಸರಿನಲ್ಲೇ ನಮ್ಮ ಉಡುಪಿಯ ಕಡಲ ದಂಡೆ ಇರುವವರು ಬರಬೇಕಾಯಿತು. ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಡುವುದು ನ್ಯಾಯವಲ್ಲ ಎಂದು 1997ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. 2000ದ ಮಾರ್ಚಿ 31ಕ್ಕೆ ಹೊಸ ಕಾಯಿದೆ ಜಾರಿಗೆ ಬಂತು. ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಾಡಿಗೆ ಏರಿಸಬಹುದು ಎಂದಿತು. ನಮ್ಮ ಧನಿಯ 11 ರೂಪಾಯಿಗೆ ಅದು 44 ಪೈಸೆ.

ಇರಲಿ, ನನ್ನ ಬಾಕಿಗೆ ಬರೋಣ. 1986ರಲ್ಲಿ ತಂಗಿಯ ಮದುವೆ. ಸಂಬಳವೆಲ್ಲ ಬಿಜಾಪುರಕ್ಕೆ ಹೋಯಿತು, ನನ್ನ ಬಾಡಿಗೆ ಮೂರು ತಿಂಗಳು ನಿಂತಿತು. ಕಾಕು ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ವಾಡೆಯ ಚೌಕದಲ್ಲಿ ಎಲ್ಲರಿಗೂ ಒಂದೇ ನಳ. ನಸುಕಿನಲ್ಲಿ ಒಂದೂವರೆ ತಾಸು ನೀರು. ರಾತ್ರಿಯೇ ಬಕೆಟ್ಟುಗಳನ್ನು ಸಾಲಾಗಿ ಇಡಬೇಕು, ಆ ಸಾಲಿನ ಅಧಿಪತಿ ಕಾಕು. ನನ್ನದು ನೀಲಿ ಪ್ಲಾಸ್ಟಿಕ್ಕಿನದು, ಯಾವಾಗಲೂ ಎರಡನೆಯ ಜಾಗ. ಮೊದಲ ತಿಂಗಳು ಬಾಡಿಗೆ ತಪ್ಪಿತು, ನೀಲಿ ಬಕೆಟ್ಟು ಐದನೆಯದಾಯಿತು. ಎರಡನೆಯ ತಿಂಗಳು ಒಂಬತ್ತನೆಯದು. ಮೂರನೆಯ ತಿಂಗಳು ಸಾಲಿನ ತುದಿಗೆ, ಯಾರದೋ ಸ್ಕೂಟರು ತೊಳೆಯುವ ಡಬ್ಬಿಯ ಹಿಂದೆ. ಹದಿನಾಲ್ಕು ಮನೆಯವರೂ ಬೆಳಿಗ್ಗೆ ಎದ್ದು ನನ್ನ ಬಕೆಟ್ಟನ್ನು 'ಸಕಾಳ' ಪತ್ರಿಕೆಯಂತೆ ಓದುತ್ತಿದ್ದರು. 'ಹ್ಯಾ ಮಹಿನ್ಯಾತಹೀ ನಾಹೀ ಕಾ?', ಈ ತಿಂಗಳೂ ಇಲ್ಲವೇ, ಎಂದು ಎದುರುಮನೆಯ ಅಜ್ಜಿ ಹಲ್ಲುಜ್ಜುತ್ತಲೇ ಕೇಳುತ್ತಿದ್ದಳು. ನನ್ನ ಸರದಿ ಬರುವಷ್ಟರಲ್ಲಿ ನಳ ಕೆಮ್ಮಲು ಸುರುಮಾಡುತ್ತಿತ್ತು.

ಆದರೆ ಅದೇ ಮೂರನೆಯ ತಿಂಗಳ ಏಕಾದಶಿಗೆ ಕಾಕು ಸಾಬೂದಾಣಿ ಖಿಚಡಿಯ ತಾಟು ತಂದು ಬಾಗಿಲಲ್ಲಿಟ್ಟು ಹೋದರು, ಮೇಲೆ ಒಂದು ಹೋಳು ನಿಂಬೆಹಣ್ಣು. ಬಕೆಟ್ಟು ಹಿಂದೆ ಹೋದರೂ ಖಿಚಡಿ ಹಿಂದೆ ಹೋಗಲಿಲ್ಲ. ದೀಪಾವಳಿಯ ಬೋನಸ್ಸಿನಲ್ಲಿ ಎರಡು ತಿಂಗಳದ್ದು ತೀರಿಸಿದೆ. ಮರುದಿನವೇ ಬಕೆಟ್ಟು ನಾಲ್ಕನೆಯ ಜಾಗಕ್ಕೆ ಬಂತು. ಉಳಿದ ಒಂದು ತಿಂಗಳದ್ದು, 150 ರೂಪಾಯಿ, ನಾಳೆ ಕೊಟ್ಟರಾಯಿತು ಎನ್ನುತ್ತ 1987ರ ನವೆಂಬರಿನಲ್ಲಿ ಖೋಲಿ ಬಿಟ್ಟೆ.

ಆಮೇಲೆ ದೇವರು ನನ್ನನ್ನೂ ಮಾಲಕನನ್ನಾಗಿ ಮಾಡಿದ. ಸ್ವಾರಗೇಟಿನ ಹತ್ತಿರವೇ ಒಂದು ಖೋಲಿ, ಒಂದು ಅಡಿಗೆಮನೆ. ಮಗ ಕಾತ್ರಜದ ಕಡೆ ಮನೆ ಮಾಡಿದ ಮೇಲೆ ಅದನ್ನು ಬಾಡಿಗೆಗೆ ಕೊಟ್ಟೆ. ಈಗ ಪುಣೆಯಲ್ಲಿ 'ಬಾಡಿಗೆದಾರ' ಎನ್ನುವ ಪ್ರಾಣಿ ಕಡಿಮೆ. ಹನ್ನೊಂದು ತಿಂಗಳ 'ಲೀವ್ ಅಂಡ್ ಲೈಸೆನ್ಸ್' ಕರಾರು. ಇರುವವನು ಲೈಸೆನ್ಸುದಾರ, ಕೊಡುವುದು ಬಾಡಿಗೆಯಲ್ಲ, ಲೈಸೆನ್ಸ್ ಫೀ. ಹೆಸರು ಬದಲಿಸಿದರೆ ಬಾಕಿ ಉಳಿಯುವುದಿಲ್ಲ ಎಂದು ಯಾರಿಗೋ ಅನ್ನಿಸಿರಬೇಕು. ನಮಗೆ ಸಿಕ್ಕವನು ಇಂಡಿ ತಾಲೂಕಿನ ಹುಡುಗ, ರಾತ್ರಿ ಬಸ್ಸಿನ ಡ್ರೈವರ್. ಹೆಂಡತಿ, ಒಂದು ಕೂಸು. ತಿಂಗಳಿಗೆ ಎಂಟು ಸಾವಿರ. ಮೊದಲ ದಿನವೇ 'ಕಾಕಾ' ಎಂದ. ನನ್ನ ಹೆಂಡತಿ ಒಳಗಿನಿಂದಲೇ ಹೇಳಿದಳು: 'ಕಾಕಾ ಅಂದಾನಲ್ಲ, ಮುಗೀತು ತಗೋರಿ.'

2020ರ ಮಾರ್ಚಿಯಲ್ಲಿ ಬಸ್ಸುಗಳು ನಿಂತವು. ಕೂಲಿಕಾರರಿಂದ, ವಲಸೆ ಬಂದವರಿಂದ ಒಂದು ತಿಂಗಳು ಬಾಡಿಗೆ ಕೇಳಬೇಡಿರಿ ಎಂದು ಮಾರ್ಚಿ 29ಕ್ಕೆ ಕೇಂದ್ರದ ಆದೇಶ. ಕಡಿಮೆಯೆಂದರೆ ಮೂರು ತಿಂಗಳು ವಸೂಲಿ ಮುಂದೂಡಿರಿ, ಯಾರನ್ನೂ ಹೊರಗೆ ಹಾಕಬೇಡಿರಿ ಎಂದು ಏಪ್ರಿಲ್ 17ಕ್ಕೆ ಮಹಾರಾಷ್ಟ್ರದ ಗೃಹನಿರ್ಮಾಣ ಇಲಾಖೆಯ ಸೂಚನೆ. ಸರಕಾರವೇ ಹೇಳಿದಾಗ ಒಳ್ಳೆಯವನಾಗಿರುವುದು ಸಲೀಸು. ಸರಕಾರ ಏನೂ ಹೇಳದ ತಿಂಗಳಿನಿಂದ ನನ್ನ ಪರೀಕ್ಷೆ ಸುರುವಾಯಿತು. ಬಸ್ಸು ಓಡತೊಡಗಿದರೂ ಬಾಡಿಗೆ ಓಡಲಿಲ್ಲ. ನಾನು ಫೋನು ಮಾಡಿ, 'ಯಾಕಪ್ಪಾ, ಏನಾತು?' ಎನ್ನುತ್ತಿದ್ದೆ. ಅವನು ಏನಾತು ಎಂಬುದನ್ನು ಹೇಳುತ್ತಿದ್ದ. ಅವನ ಅಜ್ಜಿ ಎರಡು ಸಲ ತೀರಿಕೊಂಡಳು. ಮೊದಲ ಸಲ ನಾನು ಮರುಗಿದೆ. ಎರಡನೆಯ ಸಲ ವಿಚಾರಿಸಿದರೆ, 'ಅದು ನಮ್ಮವ್ವನ ಕಡಿ ಅಜ್ಜಿ ರೀ ಕಾಕಾ' ಎಂದ. ಬ್ಯಾಂಕಿನ ಸರ್ವರ್ ಕೆಟ್ಟಿತು, ಮೆಸೇಜು ಬಂತು ದುಡ್ಡು ಬರಲಿಲ್ಲ, ದುಡ್ಡು ಬಂತು ಸೋದರಳಿಯ ಒಯ್ದ. ಮೂವತ್ತು ವರ್ಷದ ಹಿಂದೆ ಇದೇ ಧಂದೆ ಮಾಡಿದವನಾದ್ದರಿಂದ ಒಳಗೊಳಗೇ ಅಂಕ ಹಾಕುತ್ತಿದ್ದೆ. 'ನಾಳೆ ಕೊಡ್ತೀನಿ' ಎಂದರೆ ಹತ್ತಕ್ಕೆ ನಾಲ್ಕು. 'ನಾಳೆ ಹನ್ನೊಂದೂವರೆಗೆ ಕೊಡ್ತೀನಿ' ಎಂದರೆ ಏಳು. ಸುಳ್ಳಿಗೆ ತಾಸು ಹಚ್ಚಿದರೆ ಕಳೆ ಬರುತ್ತದೆ. ಕಡೆಯ ಲೆಕ್ಕ ಹೀಗಾಯಿತು: ನನ್ನ ಹತ್ತಿರ ಏಳು ತಿಂಗಳ ಕಥೆಗಳಿದ್ದವು, ಅವನ ಹತ್ತಿರ 56,000 ರೂಪಾಯಿ ಇತ್ತು, ಅಥವಾ ಅವನ ಹತ್ತಿರವೂ ಇರಲಿಲ್ಲ.

ಸಾರಸಬಾಗಿನಲ್ಲಿ ಬೆಳಿಗ್ಗೆ ನಡೆಯುವ ನಮ್ಮ ನಿವೃತ್ತರ ಟೋಳಿಯಲ್ಲಿ ಎಲ್ಲರೂ ಒಂದೊಂದು ಮನೆಯ ಮಾಲಕರು. ವಿಷಯ ಹೇಳಿದ್ದೇ ತಡ, ಗಣಪತಿಯ ಕೆರೆಯ ದಂಡೆಗೆ ಯುದ್ಧಸಭೆ ಕೂಡಿತು. ಫ್ಯೂಜು ಕಿತ್ತುಬಿಡಿ ಎಂದರು ಒಬ್ಬರು. ಅವ ಡ್ಯೂಟಿಗೆ ಹೋದಾಗ ಕೀಲಿ ಬದಲಿಸಿರಿ ಎಂದರು ಇನ್ನೊಬ್ಬರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು ಮಾತ್ರ ತಲೆ ಅಲ್ಲಾಡಿಸಿದರು. ನೀರು, ವಿದ್ಯುತ್ತು ಕಡಿದರೆ ಗುನ್ಹೆ ನಿಮ್ಮದೇ, ಮೆಟ್ಟಿಲಿನ ದೀಪ ಆರಿಸಿದರೂ ಗುನ್ಹೆ ಎಂದರು. ಬಾಡಿಗೆದಾರನಿಗಾದರೆ ನೋಟೀಸು ಕೊಟ್ಟು 90 ದಿನ ಕಾಯಬೇಕು, ದಾವೆಯ ಸಮನ್ಸು ಮುಟ್ಟಿದ ಮೇಲೂ 90 ದಿನದೊಳಗೆ ಬಾಕಿಯನ್ನು ನೂರಕ್ಕೆ 15ರ ಸಾದಾ ಬಡ್ಡಿಯೊಡನೆ ಕಟ್ಟಿದರೆ ಆ ಕಾರಣಕ್ಕೆ ಅವನನ್ನು ಎಬ್ಬಿಸುವ ಹಾಗಿಲ್ಲ ಎಂದು ಕಾಯಿದೆ ಬಿಡಿಸಿ ಹೇಳಿದರು. ನನಗೆ ಮೆಟ್ಟಿಲಿನ ದೀಪವೇ ತಲೆಯಲ್ಲಿ ಕೂತಿತು. ನಮ್ಮ ವಾಡೆಯ ಮೆಟ್ಟಿಲಿಗೆ ದೀಪವೇ ಇರಲಿಲ್ಲ. ಇದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತು?

ಮತ್ತು ಕಾಕು ನೆನಪಾದರು. ಅವರು ನೀರು ಕಡಿದಿರಲಿಲ್ಲ, ಬಕೆಟ್ಟು ಸರಿಸಿದ್ದರು. ಯಾವ ಕೋರ್ಟೂ ಅದರಲ್ಲಿ ಗುನ್ಹೆ ಹುಡುಕಲಾರದು. ಅದಕ್ಕಿಂತ ದೊಡ್ಡದು, ಅವರು ನನ್ನನ್ನು 'ಯಾಕೆ' ಎಂದು ಕೇಳಿರಲಿಲ್ಲ. ಕೇಳಿದ್ದರೆ ತಂಗಿಯ ಮದುವೆ ಎನ್ನುತ್ತಿದ್ದೆ. ಅದು ನಿಜ. ಎರಡನೆಯ ತಿಂಗಳು ಮತ್ತೆ ಕೇಳಿದ್ದರೆ ಅದೇ ತಂಗಿಯನ್ನು ಮತ್ತೆ ಮದುವೆ ಮಾಡಲಾಗುತ್ತಿರಲಿಲ್ಲ, ಏನಾದರೂ ಕಟ್ಟಬೇಕಾಗುತ್ತಿತ್ತು. ಬಾಕಿದಾರನಿಗೆ ಕಾರಣ ಕೇಳುವ ಮಾಲಕ ಅವನ ಕೈಯಿಂದ ದುಡ್ಡು ಬಿಡಿಸುವುದಿಲ್ಲ, ಸುಳ್ಳು ಬಿಡಿಸುತ್ತಾನೆ. ಒಮ್ಮೆ ಸುಳ್ಳು ಹೇಳಿದವನಿಗೆ ಮುಖ ತೋರಿಸಲು ನಾಚಿಕೆ, ಮುಖ ತೋರಿಸದವನಿಂದ ಬಾಡಿಗೆ ಎಲ್ಲಿಂದ ಬರಬೇಕು? ಎರಡು ಸಲ ಅಜ್ಜಿಯನ್ನು ಕೊಂದ ಪಾಪದಲ್ಲಿ ಅರ್ಧ ನನ್ನದು.

ಹಾಗಂತ ಮಾಲಕರೆಲ್ಲ ಕರುಣಾಸಾಗರರಾಗಿರಿ ಎಂದು ಹೇಳುವ ಅಧಿಕಾರ ನನಗಿಲ್ಲ. ನನಗೆ ಪೆನ್ಶನ್ ಇದೆ. ಒಂದೇ ಖೋಲಿಯ ಬಾಡಿಗೆಯಲ್ಲಿ ಔಷಧ, ಹಾಲು, ಕಿರಾಣಿ ನೀಗಿಸುವ ಹೆಣ್ಣುಮಕ್ಕಳು ನಮ್ಮ ಸುತ್ತಲೇ ಇದ್ದಾರೆ. ಅವರಿಗೆ ತಾಳ್ಮೆಯ ಉಪದೇಶ ಮಾಡುವವನು ಮೊದಲು ಅವರ ಕಿರಾಣಿ ಚೀಟಿ ತೀರಿಸಿ ಬರಬೇಕು.

ಒಂದು ರವಿವಾರ ಅವನ ಮನೆಗೆ ಹೋದೆ. ಬಾಗಿಲು ತೆರೆದವನು ನನ್ನನ್ನು ಕಂಡು ಬಾಯಿ ತೆರೆದ. 'ಕಾರಣ ಹೇಳಬ್ಯಾಡ,' ಎಂದೆ. 'ಈ ತಿಂಗಳ ಎಷ್ಟ ಆಗ್ತದ, ಅಷ್ಟ ಹೇಳು.'

ಅವನು ತೆರೆದ ಬಾಯಲ್ಲೇ ನಿಂತ. ಕ್ಲಚ್ ಪ್ಲೇಟಿನದೋ ಏನೋ ಒಂದು ಕಥೆ ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. 'ಏಳುನೂರು ಆಗ್ತದ ರೀ,' ಎಂದ. ಏಳುನೂರು ಇಸಿದುಕೊಂಡು, ಒಂದು ವಹಿಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಪಾವತಿ ಹರಿದು ಕೊಟ್ಟೆ. ಅವನ ಹೆಂಡತಿ ಚಹಾ ಮಾಡಿದಳು. ಪಾಟಿ ನೆನಪಾಯಿತು, ಆದರೂ ಕುಡಿದೆ. ಮುಂದಿನ ತಿಂಗಳು ಚಾಲೂ ಬಾಡಿಗೆಯ ಮೇಲೆ ಒಂದೂವರೆ ಸಾವಿರ ತಾನಾಗಿ ಬಂತು. ಲಾಕ್‌ಡೌನಿನ ಮೂರು ತಿಂಗಳದ್ದು ಬಿಟ್ಟಿದ್ದೇವೆ ಎಂದು ನನ್ನ ಹೆಂಡತಿ ಅವನ ಹೆಂಡತಿಗೆ ಹೇಳಿದ್ದಳಂತೆ. ಈ ಔದಾರ್ಯದ ಸುದ್ದಿ ನನಗೆ ಮುಟ್ಟಿದ್ದು ಡ್ರೈವರ್ ಬಂದು ಕಾಲಿಗೆ ಎರಗಿದ ಮೇಲೆ.

2024ರ ಸೆಪ್ಟೆಂಬರ್ 29ಕ್ಕೆ ಸ್ವಾರಗೇಟಿಗೆ ನೆಲದೊಳಗಿನ ಮೆಟ್ರೋ ಬಂತು. ನವೆಂಬರಿನಲ್ಲಿ ಒಂದು ದಿನ ಅದರಲ್ಲಿ ಕೂತು ಬಂದು, ಹಳೆಯ ಓಣಿಯ ಕಡೆಗೆ ನಡೆದೆ. ವಾಡೆ ಹೋಗಿ ಐದು ಮಜಲಿನ ಕಟ್ಟಡ ಎದ್ದಿದೆ. 11 ರೂಪಾಯಿ ಬಾಡಿಗೆಯವರಿಗೆಲ್ಲ ಒಂದೊಂದು ಫ್ಲ್ಯಾಟು ಸಿಕ್ಕಿದೆ. 150 ಕೊಡುತ್ತಿದ್ದವನಿಗೆ ಈ ಪ್ರಬಂಧ ಸಿಕ್ಕಿದೆ. ಲಿಫ್ಟು ಹತ್ತಿದೆ. ಅದು ಎಲ್ಲಿಯೂ ಕಿರ್ರೆನ್ನಲಿಲ್ಲ. ಕಾಕುಗೆ ಎಂಬತ್ತೇಳು. ಕಿವಿ ಮಂದ, ಕಣ್ಣು ಚುರುಕು. ಹೆಸರು ಹೇಳಿದೆ, ಊರು ಹೇಳಿದೆ, ಗುರುತು ಹತ್ತಲಿಲ್ಲ. ಆಮೇಲೆ ತಾವೇ, 'ನಿಳೀ ಬಾದಲೀ?' ಎಂದರು.

ಹೌದು, ನೀಲಿ ಬಕೆಟ್ಟೇ ಎಂದು, 150 ರೂಪಾಯಿ ತೆಗೆದು ಕೈಯಲ್ಲಿಟ್ಟೆ. ಎರಡು ಸಲ ಎಣಿಸಿದರು. 'ಆಣಿ ವ್ಯಾಜ?'

ಬಡ್ಡಿ! ಶಿರಸ್ತೇದಾರರ ನೂರಕ್ಕೆ ಹದಿನೈದು ನೆನಪಿತ್ತು. ವರ್ಷಕ್ಕೆ ಇಪ್ಪತ್ತೆರಡೂವರೆ, ಮೂವತ್ತೇಳು ವರ್ಷಕ್ಕೆ 832 ರೂಪಾಯಿ 50 ಪೈಸೆ, ಅಸಲು ಸೇರಿ 982 ರೂಪಾಯಿ 50 ಪೈಸೆ. ಕೊಟ್ಟಿದ್ದನ್ನು ವಾಪಸು ಇಸಿದುಕೊಂಡು ಎರಡು ಐನೂರರ ನೋಟು ಕೊಟ್ಟೆ. ಕಾಕು ಸೊಂಟದ ಚಂಚಿ ಬಿಚ್ಚಿ, ತಡಕಾಡಿ, ಮತ್ತೆ ಕಟ್ಟಿಕೊಂಡರು. ಹದಿನೇಳೂವರೆ ರೂಪಾಯಿ ಚಿಲ್ಲರೆ ಇಲ್ಲ, ಮುಂದಿನ ಸಲ ಬಂದಾಗ ಕೊಡುತ್ತೇನೆ ಎಂದರು.

ಯಾಕಿಲ್ಲ ಎಂದು ನಾನು ಕೇಳಲಿಲ್ಲ.