ತಾರಸಿಯ ಮೇಲೆ ಸಂಡಿಗೆ, ಗುಡ್ಡದ ಮೇಲೆ ಕ್ಲಾಸು

2020ರ ಏಪ್ರಿಲಿನಲ್ಲಿ ಕಾಲೇಜು ಹುಡುಗರಿಗೆ ಶಿಸ್ತಾಗಿ ವ್ಯಾಯಾಮ ಮಾಡಿಸಿದವರು ಯಾರು ಅಂತ ಕೇಳಿದರೆ ಪೊಲೀಸರು ಅಂತಲೇ ಹೇಳಬೇಕು. ಸುಮ್ಮನೆ ಬೈಕು ಹತ್ತಿ ಊರು ನೋಡಲು ಹೊರಟವರನ್ನು ಸರ್ಕಲ್ಲಿನಲ್ಲಿ ಇಳಿಸಿ ಬಸ್ಕಿ ಹೊಡೆಸುತ್ತಿದ್ದರು. ಆ ವಿಡಿಯೊ ನೋಡಿ ನಾವು ಮನೆಯೊಳಗೆ ಕೂತು ನಗುತ್ತಿದ್ದೆವು. ನಗುವಾಗ ಹೊಟ್ಟೆ ಅಲುಗುತ್ತಿತ್ತಲ್ಲ, ಅಷ್ಟೇ ನಮ್ಮ ಕಸರತ್ತು.

ನಾನು ಮೈಸೂರಿನಲ್ಲಿ ಪಾಠ ಹೇಳುವವನು. ಇಲ್ಲಿ ನಡೆದಾಡುವುದೆಂದರೆ ಮರ್ಯಾದಸ್ಥರ ಕೆಲಸ. ಮಾನಸಗಂಗೋತ್ರಿಯ ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆ. ಕುವೆಂಪು ಅವರು ದಿನಾ ಅಡ್ಡಾಡಿದ ದಂಡೆ. ಆ ದಂಡೆ ಸುತ್ತಿದವರೆಲ್ಲ ಮಹಾಕಾವ್ಯ ಬರೆಯುವುದಿಲ್ಲ, ಆದರೆ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನಲು ಒಂದು ನೈತಿಕ ಹಕ್ಕಂತೂ ಬರುತ್ತದೆ. ಲಾಕ್‌ಡೌನು ಬಂದದ್ದೇ ಆ ಹಕ್ಕೂ ಹೋಯಿತು, ಇಡ್ಲಿಯೂ ಹೋಯಿತು. ಉಳಿದದ್ದು ತಾರಸಿ.

ಇಡೀ ಬೀದಿ ಸಂಜೆ ಐದಕ್ಕೆ ತಾರಸಿ ಹತ್ತುತ್ತಿತ್ತು. ಪಕ್ಕದ ಮನೆಯ ರಾಯರು ಎಡದಿಂದ ಬಲಕ್ಕೆ, ನಾನು ಬಲದಿಂದ ಎಡಕ್ಕೆ. ನಡುವೆ ಒಂದು ಸಿಂಟೆಕ್ಸು. ಅದೇ ಸಂಡಿಗೆಯ ಕಾಲವೂ ಹೌದಷ್ಟೆ. ಮನೆಯಾಕೆ ಹಳೆಯ ಸೀರೆ ಹಾಸಿ ಅರಳು ಸಂಡಿಗೆ ಇಟ್ಟಿದ್ದಳು. ನಾನು ವಿದ್ಯಾರ್ಥಿಯೊಬ್ಬನ ಜೊತೆ ಫೋನಿನಲ್ಲಿ ಮಾತಾಡುತ್ತಾ ಸುತ್ತುತ್ತಿದ್ದೆ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಸಿಕ್ಕಿಹಾಕಿಕೊಂಡಿದ್ದ ಹುಡುಗ. "ನಿದ್ದೆ ಬರೋದಿಲ್ಲ ಸಾರ್, ಬಂದ್ರೆ ಹೋಗೋದಿಲ್ಲ" ಅಂದ. ನಾನು ಗಂಭೀರವಾಗಿ, ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ಓಡಾಡಪ್ಪ, ನಿದ್ದೆಯ ಗಡಿಯಾರ ಸರಿಹೋಗುತ್ತದೆ ಅಂತ ಉಪದೇಶಿಸುತ್ತಿರುವಾಗಲೇ ಕಾಲಡಿ ಮೆತ್ತಗಾಯಿತು. ಹಿಂದಿನಿಂದ ಕೂಗು: "ಏನ್ರೀ ಅದು! ಕಣ್ಣು ಕಾಣಲ್ವಾ? ಎರಡು ಸೇರು ಅರಳು!" ಆ ಕಡೆಯಿಂದ ಹುಡುಗ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಆಮೇಲೆ ದಿನಾ ಸಂಜೆ ಫೋನು ಮಾಡತೊಡಗಿದ. ಮೊದಲು ಕೇಳುತ್ತಿದ್ದುದು ಸಂಡಿಗೆಯ ಆರೋಗ್ಯ, ಆಮೇಲೆ ನನ್ನದು. ಮಾತಾಡುತ್ತಾ ಅವನೂ ಕೋಣೆಯ ಮುಂದಿನ ಪ್ಯಾಸೇಜಿನಲ್ಲಿ ನಡೆಯುತ್ತಿದ್ದ. ಚಪ್ಪಲಿಯ ಸದ್ದು ಕೇಳಿಸುತ್ತಿತ್ತು.

ಇಂಥ ಮನಸ್ಸಿನ ಕಷ್ಟಗಳಿಗಾಗಿ ನಿಮ್ಹಾನ್ಸ್ ಆಸ್ಪತ್ರೆಯವರು ಸಹಾಯವಾಣಿ ತೆರೆದಿದ್ದರು. ಅಗತ್ಯವಾಗಿ ಬೇಕಾಗಿದ್ದ ಕೆಲಸ. ಆ ನಂಬರನ್ನು ಕ್ಲಾಸಿನ ಗ್ರೂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾದರು. ಸಂಡಿಗೆಯ ಕಥೆ ಹಾಕಿದ್ದರೆ ಮಾತಾಡುತ್ತಿದ್ದರೋ ಏನೋ.

ವಿಶ್ವ ಆರೋಗ್ಯ ಸಂಸ್ಥೆಯವರ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ ಮಾಡಬೇಕು. ಹಾಸ್ಟೆಲಿನ ಮಕ್ಕಳಿಗೆ ಇದೊಂದು ಲೆಕ್ಕವೇ? ಮಂಚದಿಂದ ಮೆಸ್ಸಿಗೆ, ಮೆಸ್ಸಿನಿಂದ ವಿಭಾಗಕ್ಕೆ, ಮೇಷ್ಟ್ರು ಬಂದಿಲ್ಲ ಅಂತ ಕ್ಯಾಂಟೀನಿಗೆ, ಬಂದಿದ್ದಾರೆ ಅಂತ ಗೊತ್ತಾಗಿ ಇನ್ನೂ ದೂರಕ್ಕೆ. ಗೆಳೆಯರ ಹೆಗಲ ಮೇಲೆ ಕೈ ಹಾಕಿಕೊಂಡು ನಡೆದದ್ದನ್ನು ಯಾರೂ ವ್ಯಾಯಾಮ ಅಂದುಕೊಂಡಿರಲಿಲ್ಲ. ಅದೆಲ್ಲ ಕುಗ್ಗಿ ಹಾಸಿಗೆಯಿಂದ ಚಾರ್ಜರಿನವರೆಗಿನ ದೂರವಾಯಿತು.

ಆನ್‌ಲೈನ್ ತರಗತಿಯಲ್ಲಿ ಒಂದು ದಿನ ಈ 150 ನಿಮಿಷದ ವಿಷಯ ಹೇಳಿದೆ. ಹುಡುಗಿಯೊಬ್ಬಳು ಕೇಳಿದಳು: "ಸಾರ್, ಕಸ ಗುಡಿಸಿ, ನೀರು ಹೊತ್ತು, ದನದ ಕೊಟ್ಟಿಗೆ ಬಾಚಿ ಈಗ ಬಂದು ಕೂತಿದ್ದೀನಿ. ಅದು ಲೆಕ್ಕಕ್ಕೆ ಬರುತ್ತಾ?" ಬರುತ್ತದಮ್ಮ, ಆ ಸಂಸ್ಥೆಯವರ ಲೆಕ್ಕದಲ್ಲಿ ಮನೆಗೆಲಸವೂ ಚಟುವಟಿಕೆಯೇ. "ಹಂಗಾದ್ರೆ ಮನಸ್ಸು ಯಾಕೆ ಹಗುರಾಗ್ತಿಲ್ಲ ಸಾರ್?" ನೆಟ್‌ವರ್ಕ್ ಸರಿಯಿಲ್ಲ ಅನ್ನುವ ಸೌಕರ್ಯವನ್ನು ಅವತ್ತು ಮೇಷ್ಟ್ರೂ ಬಳಸಿಕೊಂಡರು.

ಹೆತ್ತವರ ಬಾಯಲ್ಲಿ ಆಗ ನ್ಯೂಟನ್ನನ ಕಥೆ. 1665ರಲ್ಲಿ ಪ್ಲೇಗು ಬಂದು ಕೇಂಬ್ರಿಜ್ ಮುಚ್ಚಿದಾಗ, ಆಗತಾನೆ ಪದವಿ ಮುಗಿಸಿದ್ದ ನ್ಯೂಟನ್ ತನ್ನೂರು ವೂಲ್ಸ್‌ತೋರ್ಪಿಗೆ ಹೋಗಿ ಗುರುತ್ವದ ಯೋಚನೆ ಮಾಡಿದನಂತೆ, ನೀನೇನು ಮಾಡಿದೆ? ಇದು ಅನ್ಯಾಯದ ಹೋಲಿಕೆ. ಅವನಿಗೆ ತಿರುಗಾಡಲು ಮನೆಯ ಮುಂದೆ ಸೇಬಿನ ತೋಟವಿತ್ತು. ಅದಕ್ಕಿಂತ ಮುಖ್ಯವಾಗಿ, ಒಂಬತ್ತೂವರೆಗೆ ಹಾಜರಿ ಕೂಗುವವರು ಯಾರೂ ಇರಲಿಲ್ಲ.

ನಮ್ಮಲ್ಲಿ ನಿಜವಾಗಿ ಮೈ ದಣಿಸಿದವರು ಮಲೆನಾಡಿನ ಹುಡುಗರು. ತೀರ್ಥಹಳ್ಳಿ ಕಡೆಯವನೊಬ್ಬ ನನ್ನ ಕ್ಲಾಸಿನಲ್ಲಿದ್ದ. ಮನೆಯಲ್ಲಿ ರೇಂಜ್ ಇಲ್ಲ. ಗುಡ್ಡದ ನೆತ್ತಿಯಲ್ಲಿ ಎರಡು ಕಡ್ಡಿ. ಜುಲೈ ತಿಂಗಳ ಜಡಿಮಳೆಯಲ್ಲಿ ಒಂದು ಕೈಲಿ ಕೊಡೆ, ಒಂದು ಕೈಲಿ ಫೋನು. ನನ್ನ ಪಾಠದ ನಡುವೆ ಆಗಾಗ "ಒಂದ್ನಿಮಿಷ ಸಾರ್" ಅಂತ ಉಂಬಳ ಕಿತ್ತು ಎಸೆಯುತ್ತಿದ್ದ. ಹತ್ತಿರದ ಹಳ್ಳಿಗಳ ಇನ್ನೂ ನಾಲ್ಕು ಕಾಲೇಜಿನ ಮಕ್ಕಳು ಅದೇ ಬಂಡೆಯ ಮೇಲೆ, ಇಂಜಿನಿಯರಿಂಗು, ಬಿ.ಕಾಂ., ನನ್ನ ಸಾಹಿತ್ಯ ಎಲ್ಲ ಒಟ್ಟಿಗೆ. ಇದರಲ್ಲಿ ಸೊಗಸು ಕಾಣುವುದು ತಪ್ಪು, ಟವರು ಇಲ್ಲದ್ದು ನಾಚಿಕೆಗೇಡೇ. ಆದರೂ ಇಡೀ ತರಗತಿಯಲ್ಲಿ ನಗುನಗುತ್ತಾ "ಪ್ರೆಸೆಂಟ್ ಸಾರ್" ಅನ್ನುತ್ತಿದ್ದವನು ಅವನೊಬ್ಬನೇ.

ನವೆಂಬರ್ 17ಕ್ಕೆ ಕಾಲೇಜು ತೆರೆದವು. ಕೋವಿಡ್ ನೆಗೆಟಿವ್ ವರದಿ, ಅಪ್ಪನ ಒಪ್ಪಿಗೆ ಪತ್ರ ಹಿಡಿದು ಅವನೂ ಬಂದ. ಹಾಸ್ಟೆಲಿನಲ್ಲಿ ದಿಂಬಿನ ಪಕ್ಕಕ್ಕೇ ವೈಫೈ. ಸಂಕ್ರಾಂತಿಯ ಹೊತ್ತಿಗೆ ಅಂಗಿಯ ಗುಂಡಿ ಬಿಗಿಯಾಗಿತ್ತು.

"ಸಾರ್, ಇಲ್ಲೊಂದು ಜಿಮ್ಮು ನೋಡಿದೀನಿ" ಅಂದ. "ತಿಂಗಳಿಗೆ ಸಾವಿರ ರೂಪಾಯಿ. ಅಲ್ಲಿ ಟ್ರೆಡ್‌ಮಿಲ್ ಇದ್ಯಂತೆ ಸಾರ್, ಬಟನ್ ಒತ್ತಿದ್ರೆ ಗುಡ್ಡ ಹತ್ತಿದ ಹಂಗೇ ಆಗತ್ತಂತೆ."